ಗಲಾಟೆ ನಿಂತ ಮೇಲಿನ ದಿನಗಳು

ಕಲಬುರಗಿ ಕಡೆಯ ದವಾಖಾನೆಗಳಲ್ಲಿ ಮನೋವೈದ್ಯರ ಮುಂದೆ ಮಗನನ್ನು ಎರಡನೆಯ ಸಲವೋ ಮೂರನೆಯ ಸಲವೋ ಕರೆತಂದ ಅವ್ವಂದಿರ ಬಾಯಲ್ಲಿ ಬರುವ ಮಾತು ಹೆಚ್ಚುಕಡಿಮೆ ಒಂದೇ. “ಈಗ ಆರಾಮ ಅದಾನ್ರಿ. ಗಲಾಟಿ ಏನೂ ಇಲ್ಲ. ಒಂದ್ ಮೂಲ್ಯಾಗ ಸುಮ್ನ ಕುಂದಿರ್ತಾನ. ಕೊಟ್ರ ಉಣ್ತಾನ, ಇಲ್ಲಂದ್ರ ಕೇಳಂಗಿಲ್ಲ.” ಮೊದಲ ಸಲ ಬಂದಾಗ ಅದೇ ಹುಡುಗನನ್ನು ನಾಲ್ಕು ಮಂದಿ ಹಿಡಿದು ಜೀಪಿನಲ್ಲಿ ತಂದಿರುತ್ತಾರೆ. ಓಣಿಯವರೆಲ್ಲ ತನ್ನ ಬಗ್ಗೆಯೇ ಮಾತಾಡುತ್ತಿದ್ದಾರೆ ಎಂದು ಅವನು ವಾರಗಟ್ಟಲೆ ಬಾಗಿಲು ಹಾಕಿಕೊಂಡಿದ್ದ, ಫೋನಿನಲ್ಲಿ ಯಾರೋ ತನ್ನನ್ನು ನೋಡುತ್ತಾರೆಂದು ಅದನ್ನು ಕಲ್ಲಿಗೆ ಕುಟ್ಟಿದ್ದ, ಅಪ್ಪನ ಮೇಲೆ ಕೈ ಎತ್ತಿದ್ದ. ಅದೆಲ್ಲ ನಿಂತಿದೆ. ಅವ್ವ ತಿಂಗಳಾನುಗಟ್ಟಲೆ ನಿದ್ದೆಗೆಟ್ಟವಳು, ಈಗ ಮಲಗುತ್ತಾಳೆ. ಚೀಟಿಯ ಮೇಲೆ “ಸುಧಾರಣೆ ಇದೆ” ಎಂದು ಬರೆದಾಗುತ್ತದೆ, ಅದೇ ಗುಳಿಗೆ ಮುಂದುವರಿಯುತ್ತದೆ, ಮುಂದಿನ ಭೇಟಿ ಒಂದು ತಿಂಗಳಿಗೆ ಹೋಗುತ್ತದೆ.

ಆ “ಸುಮ್ನ” ಎಂಬ ಮಾತೇ ಮನಸ್ಸನ್ನು ಕೊರೆಯುವುದು. ಸುಮ್ಮನಿರುವುದರಲ್ಲಿ ಎರಡು ಜಾತಿ. ಒಂದು, ಒಳಗಿನ ಸದ್ದು ಇಳಿದು ಮನುಷ್ಯ ದಣಿವಾರಿಸಿಕೊಳ್ಳುವ ಸುಮ್ಮನಿರುವಿಕೆ. ಇನ್ನೊಂದು, ಏನಾಯಿತು ಎಂಬುದು ಈಗ ತಿಳಿದು, ತಿಳಿದದ್ದನ್ನು ಹೊರಲಾಗದೆ ಕುಸಿದವನದು. ಹೊರಗಿನಿಂದ ನೋಡಿದರೆ ಎರಡೂ ಒಂದೇ. ಇಲ್ಲದ್ದು ಕೇಳಿಸುವ, ಇಲ್ಲದ್ದನ್ನು ನಿಜವೆಂದು ನಂಬುವ ಈ ಸ್ಥಿತಿಗೆ ವೈದ್ಯರು ಸೈಕೋಸಿಸ್ ಎನ್ನುತ್ತಾರೆ. ನಮ್ಮ ಕಡೆ ಸೈಕೋಸಿಸ್ ಎಂದರೆ ಕಣ್ಣಿಗೆ ಕಟ್ಟುವುದು ಗಲಾಟೆ. ಮನೆಯವರು ಹೆದರುವುದು ಗಲಾಟೆಗೆ, ಓಣಿ ಹೆದರುವುದು ಗಲಾಟೆಗೆ, ದವಾಖಾನೆ ಅಳೆಯುವುದೂ ಗಲಾಟೆಯನ್ನೇ. ಆತ್ಮಹತ್ಯೆಯಿಂದ ಜೀವಕ್ಕೆ ಅಪಾಯ ಮಾತ್ರ ಅನೇಕ ಸಲ ಅದು ನಿಂತ ಮೇಲೆ ಬರುತ್ತದೆ.

(ಕೆಳಗೆ ಬರುವ ಹುಡುಗ ಯಾರೋ ಒಬ್ಬನಲ್ಲ. ಹಲವರನ್ನು ಕಲಸಿ ಒಬ್ಬನನ್ನು ಮಾಡಿದ್ದು. ಊರು, ಓದು, ಮನೆತನ ಯಾವುದೂ ಒಬ್ಬರಿಗೇ ಸೇರಿದ್ದಲ್ಲ.)

ಹತ್ತು ಐದಾದದ್ದು

ಸ್ಕಿಜೋಫ್ರೇನಿಯಾ (ಸೈಕೋಸಿಸ್ ತರುವ ದೀರ್ಘಕಾಲದ ಕಾಯಿಲೆ) ಇರುವವರಲ್ಲಿ ನೂರಕ್ಕೆ 10 ಮಂದಿ ಆತ್ಮಹತ್ಯೆಯಿಂದ ತೀರಿಕೊಳ್ಳುತ್ತಾರೆ ಎಂಬ ಮಾತು ವೈದ್ಯಕೀಯ ಪುಸ್ತಕಗಳಲ್ಲಿ ಬಹಳ ವರ್ಷ ಇತ್ತು. 2005ರಲ್ಲಿ ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟು ಮಾಡಿ ಮರಳಿ ಲೆಕ್ಕ ಹಾಕಿದಾಗ ಅದು ನೂರಕ್ಕೆ ಸುಮಾರು 5ಕ್ಕೆ ಇಳಿಯಿತು. ಇಳಿದದ್ದು ಸಮಾಧಾನದ ಸಂಗತಿಯೇ, ಆದರೆ ಹಳೆಯ ಲೆಕ್ಕ ತಪ್ಪಿದ್ದು ಯಾಕೆ ಎಂಬುದು ಅದಕ್ಕಿಂತ ಮುಖ್ಯ. ಹಿಂದಿನವರು ಕಾಯಿಲೆಯ ಮೊದಲ ಕೆಲವು ವರ್ಷಗಳ ಸಾವುಗಳನ್ನು ನೋಡಿ, ಜೀವಮಾನವಿಡೀ ಇದೇ ಪ್ರಮಾಣ ಇರುತ್ತದೆ ಎಂದು ಹಿಡಿದಿದ್ದರು. ಹಾಗಿರಲಿಲ್ಲ. ಅಪಾಯ ಮೊದಲ ವರ್ಷಗಳಲ್ಲೇ ಗುಡ್ಡೆಬಿದ್ದಿತ್ತು, ಮುಂದೆ ತೆಳುವಾಗುತ್ತಿತ್ತು. 18 ವರ್ಷದವನೋ 25 ವರ್ಷದವಳೋ ಮೊದಲ ಸಲ ಗುಳಿಗೆ ಚೀಟಿ ಹಿಡಿದು ಮನೆಗೆ ಹೋಗುವ ಹೊತ್ತು ಆ ಗುಡ್ಡೆಯ ನಟ್ಟನಡುವಿನಲ್ಲಿದೆ. ಅಷ್ಟೇ ಅಲ್ಲ, ದವಾಖಾನೆಯ ಮೆಟ್ಟಿಲು ಹತ್ತುವ ಮೊದಲೇ ಜೀವ ಕಳೆದುಕೊಳ್ಳಲು ಪ್ರಯತ್ನಿಸಿದವರು ಅವರಲ್ಲಿ ಗಣನೀಯವಾಗಿ ಇರುತ್ತಾರೆ. ಕೇಳದಿದ್ದರೆ ಅದು ಹೊರಗೆ ಬರುವುದಿಲ್ಲ. “ಬಾವಿ ಕಡೆ ಹೋಗಿದ್ದ, ಗಾಳಿ ಬಡಿದಿತ್ತು” ಎಂಬ ಮಾತಿನ ಒಳಗೆ ಅದು ಮುಚ್ಚಿಹೋಗಿರುತ್ತದೆ.

ಅದೇ 2005ರಲ್ಲಿ ಬಂದ ಇನ್ನೊಂದು ಪರಿಶೀಲನೆ 29 ಅಧ್ಯಯನಗಳನ್ನು ಜೋಡಿಸಿ, ಸ್ಕಿಜೋಫ್ರೇನಿಯಾದಲ್ಲಿ ಯಾರಿಗೆ ಅಪಾಯ ಹೆಚ್ಚು ಎಂದು ನೋಡಿತು. ಹಿಂದೆ ಖಿನ್ನತೆ ಬಂದಿತ್ತೇ, ಹಿಂದೆ ಪ್ರಯತ್ನ ಆಗಿತ್ತೇ, ನಶೆಯ ಚಟ ಇದೆಯೇ, ಒಂದೆಡೆ ನಿಲ್ಲಲಾಗದ ಚಡಪಡಿಕೆ ಇದೆಯೇ, ತನ್ನ ತಲೆ ಪೂರಾ ಕೆಟ್ಟುಹೋಗುತ್ತದೆ ಎಂಬ ಭಯ ಇದೆಯೇ, ಗುಳಿಗೆ ಬಿಟ್ಟಿದ್ದಾನೆಯೇ, ಇತ್ತೀಚೆಗೆ ಏನಾದರೂ ಕಳೆದುಕೊಂಡಿದ್ದಾನೆಯೇ? ಗಟ್ಟಿಯಾಗಿ ನಿಂತವು ಇವು. ದನಿ ಕೇಳಿಸುವುದು ಈ ಪಟ್ಟಿಯಲ್ಲಿ ಇಲ್ಲ. ಒಟ್ಟು ಲೆಕ್ಕದಲ್ಲಿ ದನಿ ಕೇಳಿಸುವವರಿಗೆ ಅಪಾಯ ತುಸು ಕಡಿಮೆಯೇ ಇತ್ತು. ಒಂಟಿಯಾಗಿ ನಗುವುದನ್ನು, ಗೋಡೆಯ ಜೊತೆ ಮಾತಾಡುವುದನ್ನು ನೋಡಿ ನಾವು ಹೆದರುತ್ತೇವೆ. ಹೆದರಬೇಕಾದದ್ದು ಮಾತಾಡದವನ ಬಗ್ಗೆ. ಹಾಗೆಂದು ದನಿಗಳನ್ನು ಕಡೆಗಣಿಸಲಾಗದು, ಅದಕ್ಕೆ ಮುಂದೆ ಬರುತ್ತೇನೆ.

ಎಳ್ಳಮಾಸಿಯ ಒಂದು ಮಧ್ಯಾಹ್ನ

ನಮ್ಮಲ್ಲಿ ಎಳ್ಳಮಾವಾಸ್ಯೆ ಎಂದರೆ ಊರಿಗೆ ಊರೇ ಹೊಲದಲ್ಲಿ. ಸಜ್ಜೆ ರೊಟ್ಟಿ, ಭಜ್ಜಿ ಪಲ್ಯ, ಚರಗ ಚೆಲ್ಲಿ ಬನ್ನಿ ಗಿಡದ ಕೆಳಗೆ ಊಟ. ಮೂರು ತಿಂಗಳು ಮನೆ ಬಿಟ್ಟು ಹೊರಬರದವನನ್ನು ಅವತ್ತು ಎಬ್ಬಿಸಿ, ತಲೆ ಬಾಚಿ, ಹೊಸ ಅಂಗಿ ಹಾಕಿಸಿ ಕರೆದುಕೊಂಡು ಹೋಗುತ್ತಾರೆ. ಪ್ರೀತಿಯಿಂದಲೇ. ಅವನು ಸ್ವಲ್ಪ ಉಣ್ಣುತ್ತಾನೆ, ಒಂದೆರಡು ಸಲ ನಗುತ್ತಾನೆ. ಅಷ್ಟರಲ್ಲಿ ಪಕ್ಕದ ಹೊಲದ ಕಾಕಾ ಬರುತ್ತಾರೆ. “ಏನ್ ಮಾಡ್ಲತ್ತಿ ತಮ್ಮಾ ಈಗ? ಬೆಂಗಳೂರಾಗ ಇದ್ದೆಲ್ಲ?” ಕಾಕಾನ ಮಾತಿನಲ್ಲಿ ಕುಹಕ ಇಲ್ಲ, ಸಿಕ್ಕವರನ್ನೆಲ್ಲ ಕೇಳುವ ಮಾತು ಅದು. ಹುಡುಗನ ಪರವಾಗಿ ಅಣ್ಣ ಉತ್ತರಿಸುತ್ತಾನೆ, “ಆರಾಮ ಇಲ್ಲ ಕಾಕಾ, ಮನ್ಯಾಗೇ ಅದಾನ.” ಅಲ್ಲಿಂದಾಚೆ ಅವನು ತಟ್ಟೆಗೆ ಕೈ ಹಾಕುವುದಿಲ್ಲ. ಸಂಜೆ ಗಾಡಿ ಹತ್ತುವಾಗ ಅವ್ವನಿಗೆ ಹೇಳುತ್ತಾನೆ, “ನಂದೆಲ್ಲ ಮುಗೀತು ಬಿಡವ್ವ.” ಅವ್ವ ಅಂದುಕೊಳ್ಳುತ್ತಾಳೆ: ಊಟದ ಮಾತಿರಬೇಕು, ಇಲ್ಲವೇ ಗುಳಿಗೆಯ ಮಂಪರು.

ಈ ಹುಡುಗ ಯಾರು ನೋಡಿ. ಮನೆಯಲ್ಲಿ ಮೊದಲು ಡಿಗ್ರಿ ಮುಗಿಸಿದವನು. ಅವನ ಮೇಲೆ ಸಾಲವೂ ಆಸೆಯೂ ಇವೆ. ಕಾಯಿಲೆ ಬರುವ ಮೊದಲು ಚೆನ್ನಾಗಿ ಓದಿದವರಲ್ಲಿ, ತಮ್ಮ ಬಗ್ಗೆ ದೊಡ್ಡ ನಿರೀಕ್ಷೆ ಇಟ್ಟುಕೊಂಡವರಲ್ಲಿ ಅಪಾಯ ಹೆಚ್ಚು ಎಂಬುದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಕಳೆದುಕೊಂಡದ್ದು ಎಷ್ಟು ಎಂದು ಅಳೆಯುವ ಗಜಕಡ್ಡಿ ಅವರ ಕೈಯಲ್ಲೇ ಇರುತ್ತದೆ. ಕಾಯಿಲೆ ಜೋರಿದ್ದಾಗ ಅವನಿಗೆ ತಾನು ಕಾಯಿಲೆಯವನು ಎಂಬುದೇ ಗೊತ್ತಿರಲಿಲ್ಲ. ಜನ ತನ್ನ ವಿರುದ್ಧ ಸಂಚು ಮಾಡುತ್ತಿದ್ದಾರೆ ಎಂಬ ನಂಬಿಕೆ ಎಷ್ಟೇ ಭಯಂಕರವಾದರೂ, ಅದರಲ್ಲಿ ತಪ್ಪು ಜನರದ್ದಾಗಿತ್ತು. ಗುಳಿಗೆ ಕೆಲಸ ಮಾಡಿದ ಮೇಲೆ ಸಂಚು ಕರಗಿತು. ಉಳಿದದ್ದು ತಾನೊಬ್ಬನೇ. ಅಪ್ಪನಿಗೆ ಹೊಡೆದದ್ದು ನೆನಪಿದೆ, ಊರ ಮುಂದೆ ಅಂಗಿ ಹರಿದುಕೊಂಡದ್ದು ನೆನಪಿದೆ, “ಹುಚ್ಚ” ಎಂಬ ಹೆಸರು ಅಂಟಿದ್ದು ಗೊತ್ತಿದೆ. ಕಾಯಿಲೆಯ ಅರಿವು ಬರುವುದನ್ನು ನಾವು ವೈದ್ಯಕೀಯದಲ್ಲಿ ಒಳ್ಳೆಯ ಲಕ್ಷಣ ಎನ್ನುತ್ತೇವೆ. ಅದು ಒಳ್ಳೆಯದೇ. ಆದರೆ ಆ ಅರಿವಿನ ಜೊತೆಗೆ ಮುಂದೇನು ಎಂಬ ದಾರಿ ಕಾಣದಿದ್ದರೆ ಅರಿವೇ ಹತಾಶೆಯಾಗುತ್ತದೆ. ಸೈಕೋಸಿಸ್ ಇಳಿದ ಮೇಲಿನ ತಿಂಗಳುಗಳಲ್ಲಿ ಬರುವ ಖಿನ್ನತೆಗೆ ಬೇರೆ ಚಿಕಿತ್ಸೆಯೇ ಬೇಕು. ಗೊಂದಲ ಎಲ್ಲಿ ಎಂದರೆ ಮಾತು ಕಡಿಮೆ, ಆಸಕ್ತಿ ಇಲ್ಲ, ಸ್ನಾನ ಮಾಡುವುದಿಲ್ಲ ಎಂಬುದು ಕಾಯಿಲೆಯ ಲಕ್ಷಣವೂ ಆಗಬಹುದು, ಗುಳಿಗೆಯಿಂದ ಬಂದ ಮಂದತೆಯೂ ಆಗಬಹುದು, ಖಿನ್ನತೆಯೂ ಆಗಬಹುದು. ಬೇರ್ಪಡಿಸುವ ಎಳೆ ಒಂದಿದೆ. ಖಿನ್ನತೆಯಲ್ಲಿ ದುಃಖ, ತಪ್ಪಿತಸ್ಥ ಭಾವ, “ನಾನಿದ್ದು ಏನುಪಯೋಗ” ಎಂಬ ಮಾತು ಇರುತ್ತದೆ, ಬೆಳಗಿನ ಜಾವಕ್ಕೇ ಎಚ್ಚರವಾಗಿರುತ್ತದೆ. ಉಳಿದೆರಡರಲ್ಲಿ ಸಾಮಾನ್ಯವಾಗಿ ಇರುವುದು ಖಾಲಿತನ, ದುಃಖವಲ್ಲ. ಕೇಳಿದರೆ ತಿಳಿಯುತ್ತದೆ. ಬಾಗಿಲಿನಿಂದ ನೋಡಿ ತಿಳಿಯುವುದಿಲ್ಲ.

ಕಾಲು ಮಾತು ಕೇಳದಿದ್ದಾಗ

ಮೇಲಿನ ಪಟ್ಟಿಯಲ್ಲಿ ಚಡಪಡಿಕೆ ಇತ್ತಲ್ಲ, ಅದರ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. ಇದು ವಾಸಿಯಾಗುವಂಥದ್ದು, ಆದರೂ ತಪ್ಪಿಹೋಗುತ್ತದೆ. ಸೈಕೋಸಿಸ್‌ನ ಗುಳಿಗೆಗಳು, ಅದರಲ್ಲೂ ಹ್ಯಾಲೊಪೆರಿಡಾಲ್, ರಿಸ್ಪೆರಿಡೋನ್, ಅರಿಪಿಪ್ರಜೋಲ್, ಕೆಲವು ವಾರಗಳಿಗೊಮ್ಮೆ ಹಾಕುವ ಫ್ಲುಫೆನಜಿನ್ ಸೂಜಿ ಇಂಥವು ಕೆಲವರಿಗೆ ಅಕಥೀಷಿಯಾ ಎಂಬ ತೊಂದರೆ ತರುತ್ತವೆ. ಗುಳಿಗೆ ಶುರುವಾದ ಅಥವಾ ಪ್ರಮಾಣ ಏರಿದ ಕೆಲವು ದಿನಗಳಿಂದ ಕೆಲವು ವಾರಗಳೊಳಗೆ ಅದು ಬರುತ್ತದೆ. ಕುಳಿತಲ್ಲಿ ಕೂರಲಾಗದು, ನಿಂತರೆ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಾರೆ, ರಾತ್ರಿ ಅಂಗಳದಲ್ಲಿ ಅಡ್ಡಾಡುತ್ತಾರೆ. ಒಳಗಿನ ಸಂಕಟ ಹೊರಗೆ ಕಾಣುವುದಕ್ಕಿಂತ ದೊಡ್ಡದು. “ಒಳಗ ಉರಿ ಎದ್ದಂಗ ಆಗ್ತದ, ಚರ್ಮದಾಗಿಂದ ಹೊರಗ ಬೀಳಬೇಕು ಅನಸ್ತದ” ಎನ್ನುತ್ತಾರೆ. ಮನೆಯವರಿಗೆ ಅದು ಕಾಯಿಲೆ ಮತ್ತೆ ಏರಿದಂತೆ ಕಾಣುತ್ತದೆ, ರಾತ್ರಿಯ ಗುಳಿಗೆ ಒಂದು ಹೆಚ್ಚು ಕೊಡುತ್ತಾರೆ. ವೈದ್ಯರೂ ಅವಸರದಲ್ಲಿ ಪ್ರಮಾಣ ಏರಿಸಬಹುದು. ಬೆಂಕಿಗೆ ಎಣ್ಣೆ.

ಗುರುತಿಸಲು ಯಂತ್ರ ಬೇಡ. ಎರಡು ನಿಮಿಷ ಕೂರಿಸಿ ಸುಮ್ಮನೆ ನೋಡುವುದು, ಎರಡು ನಿಮಿಷ ನಿಲ್ಲಿಸಿ ಮಾತಾಡಿಸುತ್ತ ಕಾಲು ನೋಡುವುದು, ಆಮೇಲೆ ಕೇಳುವುದು: “ನಿಂಗ್ ತಿರುಗಾಡಬೇಕು ಅನಸ್ತದೋ, ಕಾಲೇ ತಿರುಗಾಡಸ್ಲತ್ತಾವೋ?” ಕಾಯಿಲೆಯಿಂದ ಓಡಾಡುವವನು ಯಾರೋ ಬರುತ್ತಾರೆ, ಏನೋ ಕೇಳಿಸಿತು ಎಂದು ಒಂದು ಕಾರಣ ಹೇಳುತ್ತಾನೆ. ಅಕಥೀಷಿಯಾ ಇರುವವನು “ಕಾಲ್ ನನ್ ಮಾತ್ ಕೇಳವಲ್ವು” ಎನ್ನುತ್ತಾನೆ. ವೈದ್ಯರು ಪ್ರಮಾಣ ಇಳಿಸುತ್ತಾರೆ, ಗುಳಿಗೆ ಬದಲಿಸುತ್ತಾರೆ, ಇಲ್ಲವೇ ಪ್ರೊಪ್ರನಲಾಲ್ ಕೊಡುತ್ತಾರೆ. (ಪ್ರೊಪ್ರನಲಾಲ್ ದಮ್ಮು ಇರುವವರಿಗೆ ಆಗದು, ಅದನ್ನು ಮೊದಲೇ ಹೇಳಬೇಕು.) ನಮ್ಮ ಕಡೆ ಎಲ್ಲರಿಗೂ ಜೊತೆಗೆ ಬರೆಯುವ ಟ್ರೈಹೆಕ್ಸಿಫೆನಿಡಿಲ್ ಗುಳಿಗೆ ಕೈಕಾಲು ಬಿಗಿಯುವುದಕ್ಕೆ, ನಡುಕಕ್ಕೆ ಒಳ್ಳೆಯದು, ಈ ಕಾಲಿನ ಸಂಕಟಕ್ಕೆ ಅದರ ಉಪಯೋಗ ಅಷ್ಟಕ್ಕಷ್ಟೆ. ಮುಂದಿನ ಭೇಟಿ ತಿಂಗಳಿಗಿದೆ ಎಂದು ಇದನ್ನು ತಿಂಗಳು ತಡೆದುಕೊಳ್ಳುವುದು ಸಲ್ಲ. ಆ ವಾರವೇ ಹೋಗಬೇಕು.

ಕೇಳಿದರೆ ತಲೆಯಲ್ಲಿ ಹಾಕಿದಂತಾಗುವುದಿಲ್ಲ

“ಸಾಯೋ ಮಾತ ನಾವ್ಯಾಕ ಎತ್ತಬೇಕ್ರಿ, ಇಲ್ಲದ್ದ ತಲ್ಯಾಗ ಹಾಕಿದಂಗ ಆಗ್ತದ.” ಓದಿದವರೂ ಹೀಗೆ ಹೇಳುತ್ತಾರೆ. ಕೇಳುವುದರಿಂದ ಆ ವಿಚಾರ ಹುಟ್ಟುವುದಿಲ್ಲ ಎಂಬುದು ಮತ್ತೆ ಮತ್ತೆ ಪರೀಕ್ಷಿಸಿ ಕಂಡುಕೊಂಡ ಸಂಗತಿ. ಅನೇಕರಿಗೆ ಕೇಳಿದ್ದೇ ಒಂದು ಹಗುರ. ಹೇಗೆ ಕೇಳುತ್ತೇವೆ ಎಂಬುದರಲ್ಲಿ ಮಾತ್ರ ಎಲ್ಲ ಇದೆ. ದವಾಖಾನೆಯಲ್ಲಿ ಹೆಚ್ಚಾಗಿ ಕಿವಿಗೆ ಬೀಳುವ ಪ್ರಶ್ನೆ, “ಅಂಥಾದ್ದೇನೂ ವಿಚಾರ ಇಲ್ಲಲ್ಲ?” ಇದು ಪ್ರಶ್ನೆಯಲ್ಲ, ಇಲ್ಲ ಎಂದು ಹೇಳು ಎಂಬ ಅಪ್ಪಣೆ. ಹುಡುಗ ತಲೆ ಅಲ್ಲಾಡಿಸುತ್ತಾನೆ. ಪಕ್ಕದಲ್ಲಿ ಅವ್ವ ಕುಳಿತಿದ್ದರಂತೂ ಕೇಳುವುದೇ ಬೇಡ. ಅವಳನ್ನು ಚಾ ತರಲು ಕಳಿಸಿ ಐದು ನಿಮಿಷ ಒಬ್ಬನನ್ನೇ ಮಾತಾಡಿಸಬೇಕು.

ಮೆಟ್ಟಿಲು ಮೆಟ್ಟಿಲಾಗಿ ಹೋಗುವುದು ಒಳ್ಳೆಯದು. ಮೊದಲು, “ಇತ್ತೀಚಿಗಿ ಜೀವಕ್ಕ ಭಾಳ ಬ್ಯಾಸರಾಗ್ಯದೇನು?” ಆಮೇಲೆ, “ಮಕ್ಕೊಂಡ್ರ ಏಳಬಾರದು ಅಂತ ಅನಸ್ತದೇನು?” ಹೌದೆಂದರೆ ನೇರವಾಗಿ, ದನಿ ತಗ್ಗಿಸದೆ, “ಸಾಯಬೇಕು ಅಂತ ವಿಚಾರ ಬಂದದೇನು?” ಅದಕ್ಕೂ ಹೌದಾದರೆ ಹೇಗೆ ಎಂದು ಯೋಚಿಸಿದ್ದನೇ, ಯಾವಾಗ ಎಂದು ಮನಸ್ಸಿನಲ್ಲಿ ಇಟ್ಟುಕೊಂಡಿದ್ದಾನೆಯೇ, ಅದಕ್ಕೆಂದು ಏನಾದರೂ ತಂದಿಟ್ಟಿದ್ದಾನೆಯೇ, ಹಿಂದೆ ಎಂದಾದರೂ ಪ್ರಯತ್ನಿಸಿದ್ದನೇ. ಮೇಲಿನ ಮೆಟ್ಟಿಲಿಗೆ ಹೋದಷ್ಟೂ ಅವಸರ ಹೆಚ್ಚು. ಯೋಜನೆ ಇದೆ, ಸಾಧನ ಹತ್ತಿರ ಇದೆ ಎಂದಾದರೆ ಅವತ್ತು ಅವನನ್ನು ಒಬ್ಬನೇ ಮನೆಗೆ ಕಳಿಸುವಂತಿಲ್ಲ. ಕಲಬುರಗಿಯಲ್ಲಿ, ಬೀದರಿನಲ್ಲಿ ಅನೇಕ ಮಂದಿ ಮನಸ್ಸಿನ ಮಾತನ್ನು ದಖ್ಖನಿ ಉರ್ದುವಿನಲ್ಲಿ ಹೇಳುತ್ತಾರೆ ಎಂಬುದನ್ನೂ ನೆನಪಿಡಬೇಕು. “ಜೀ ನೈ ಲಗ್ರಾ” (ಮನಸ್ಸು ನಿಲ್ಲುತ್ತಿಲ್ಲ) ಎಂಬುದನ್ನು ಬೇಜಾರು ಎಂದಷ್ಟೇ ಬರೆದುಕೊಂಡರೆ ಅದರ ಕೆಳಗಿನದು ಜಾರಿಹೋಗುತ್ತದೆ.

ಈಗ ದನಿಗಳ ಮಾತು. ದನಿ ಕೇಳಿಸುತ್ತದೆಯೇ ಎಂದಷ್ಟೇ ಕೇಳಿ ನಿಲ್ಲಿಸಬಾರದು, ಅದು ಏನು ಹೇಳುತ್ತದೆ ಎಂದು ಕೇಳಬೇಕು. ಬೈಯುತ್ತದೋ, ಸಾಯಿ ಎನ್ನುತ್ತದೋ? ಆ ದನಿ ಯಾರದ್ದು, ದೇವರದ್ದೋ, ತೀರಿಕೊಂಡ ಅಜ್ಜನದ್ದೋ? “ಅವರು ಹೇಳಿದ್ದು ಮಾಡ್ಲೇಬೇಕು ಅನಸ್ತದೇನು? ಮೊದ್ಲ ಎಂದರೆ ಅವರ ಮಾತ ಕೇಳಿ ಏನರೆ ಮಾಡಿದ್ದೇನು?” ದನಿಗೆ ತನಗಿಂತ ಬಲ ಇದೆ ಎಂದು ನಂಬಿದವನಿಗೆ, ಒಮ್ಮೆ ಅದರ ಮಾತು ಕೇಳಿ ನಡೆದವನಿಗೆ ಅಪಾಯ ಬೇರೆಯೇ. ಸರಾಸರಿ ಲೆಕ್ಕ ಅವನನ್ನು ಕಾಯುವುದಿಲ್ಲ.

ಇನ್ನೊಂದು ನಮ್ಮ ಮನೆಗಳ ಪದ್ಧತಿ, ಆಣೆ. “ನನ್ ಮ್ಯಾಲ ಆಣಿ ಮಾಡು, ಅಂಥಾದ್ದೇನೂ ಮಾಡ್ಕೊಳ್ಳಲ್ಲ ಅಂತ.” ಕೆಲವು ದವಾಖಾನೆಗಳಲ್ಲೂ ಹೀಗೆ ಬರೆಸಿಕೊಂಡು ಸಹಿ ಹಾಕಿಸುವುದಿತ್ತು. ಇಂಥ ಆಣೆ, ಮುಚ್ಚಳಿಕೆ ಜೀವ ಉಳಿಸುತ್ತವೆ ಎಂಬುದಕ್ಕೆ ಆಧಾರವಿಲ್ಲ. ಆಣೆ ಮಾಡಿಸಿಕೊಂಡವರಿಗೆ ಧೈರ್ಯ ಬರುತ್ತದೆ, ಆಣೆ ಮಾಡಿದವನಿಗೆ ಮುಂದಿನ ಸಲ ಹೇಳಲು ಬಾಯಿ ಬರುವುದಿಲ್ಲ.

ತೊಗರಿಗೆ ಹೊಡೆಯುವ ಎಣ್ಣಿ

ಕಲಬುರಗಿ, ಬೀದರ, ಯಾದಗಿರಿ, ನಮ್ಮ ಈ ಮೂರೂ ಜಿಲ್ಲೆಯ ಹಳ್ಳಿ ಮನೆಗಳಲ್ಲಿ ತೊಗರಿ ಹೂ ಬಿಟ್ಟು ಕಾಯಿ ಕಟ್ಟುವ ಹೊತ್ತಿಗೆ, ಯಾದಗಿರಿ ಕಡೆ ಹತ್ತಿಯ ಕಾಲಕ್ಕೆ, ಕೀಟನಾಶಕ ಮನೆಯೊಳಗೇ ಇರುತ್ತದೆ. ಎಣ್ಣಿ ಎಂದರೆ ಇಲ್ಲಿ ಅದೇ. ಎರಡು ಕೋಣೆಯ ಮನೆ, ಬೇರೆ ಗೋದಾಮು ಎಲ್ಲಿಂದ ಬರಬೇಕು? ಜ್ವಾಳದ ಚೀಲದ ಹಿಂದೆಯೋ ಅಟ್ಟದ ಮೇಲೋ ಇರುತ್ತದೆ. ಮನೆಯಲ್ಲಿ ಮೊದಲ ಬಾರಿ ಸೈಕೋಸಿಸ್ ಕಂಡ ಮಗುವೋ ಸೊಸೆಯೋ ಇದ್ದರೆ ಮೊದಲು ಮಾಡಬೇಕಾದ ಕೆಲಸ ಅದನ್ನು ಹೊರಹಾಕುವುದು. ಸಾಯಬೇಕೆಂಬ ತೀವ್ರತೆ ಅನೇಕ ಸಲ ಕೆಲವೇ ಹೊತ್ತಿನದು, ಆ ಹೊತ್ತಿನಲ್ಲಿ ಕೈಗೆ ಏನು ಸಿಗುತ್ತದೆ ಎಂಬುದರ ಮೇಲೆ ಮುಂದಿನದೆಲ್ಲ ನಿಂತಿರುತ್ತದೆ.

ಪೆಟ್ಟಿಗೆ ತಂದು ಬೀಗ ಹಾಕಿದರೆ ಆಯಿತಲ್ಲ ಎಂದು ಅನ್ನಿಸುವುದು ಸಹಜ. ಶ್ರೀಲಂಕಾದಲ್ಲಿ ಅದನ್ನು ದೊಡ್ಡದಾಗಿಯೇ ಪರೀಕ್ಷಿಸಿದರು. 180 ಹಳ್ಳಿ, 50 ಸಾವಿರಕ್ಕೂ ಹೆಚ್ಚು ಮನೆ, ಅರ್ಧ ಹಳ್ಳಿಗಳಲ್ಲಿ ಮನೆಗೊಂದು ಬೀಗದ ಪೆಟ್ಟಿಗೆ. 2017ರಲ್ಲಿ ಫಲಿತಾಂಶ ಬಂತು: ಪೆಟ್ಟಿಗೆ ಕೊಟ್ಟ ಹಳ್ಳಿಗೂ ಕೊಡದ ಹಳ್ಳಿಗೂ ವ್ಯತ್ಯಾಸ ಕಾಣಲಿಲ್ಲ. ಮನೆಯೊಳಗಿನ ಬೀಗ ಮನೆಯೊಳಗಿನವರಿಗೆ ಬೀಗವಲ್ಲ, ಕೀಲಿ ಯಾವ ಗೂಟಕ್ಕಿದೆ ಎಂದು ಎಲ್ಲರಿಗೂ ಗೊತ್ತು. ಆ ದೇಶದಲ್ಲಿ ಸಾವು ಇಳಿದದ್ದು ಹೆಚ್ಚು ವಿಷಕಾರಿ ಕೀಟನಾಶಕಗಳನ್ನೇ ಸರ್ಕಾರ ನಿಷೇಧಿಸಿದ ಮೇಲೆ. ತಮಿಳುನಾಡಿನ ಎರಡು ಹಳ್ಳಿಗಳಲ್ಲಿ ಇನ್ನೊಂದು ಬಗೆ ನಡೆಸಿ ನೋಡಿದರು. ಊರಿಗೊಂದು ಕಟ್ಟಡ, ಅದರಲ್ಲಿ ರೈತರಿಗೆ ಒಂದೊಂದು ಖಾನೆ, ಬೇಕಾದಾಗ ಹೋಗಿ ತೆಗೆದುಕೊಳ್ಳುವುದು. ಅದು ಆಶಾದಾಯಕವಾಗಿ ಕಂಡಿತು, ಆದರೆ ಚಿಕ್ಕ ಪ್ರಯೋಗ. ನಮ್ಮ ಮನೆಗಳ ಮಟ್ಟಿಗೆ ಇದರಿಂದ ತೆಗೆದುಕೊಳ್ಳಬಹುದಾದದ್ದು ಇಷ್ಟು: ಹೊಡೆಯುವ ದಿನ ಬೇಕಾದಷ್ಟೇ ತರುವುದು, ಉಳಿದದ್ದನ್ನು ಮನೆಗೆ ತರದೆ ಬೇರೆ ಓಣಿಯ ಮಾಮನ ಮನೆಯಲ್ಲೋ ಅಂಗಡಿಯಲ್ಲೋ ಬಿಡುವುದು, ಖಾಲಿ ಡಬ್ಬಿಯನ್ನೂ ಮನೆಯಲ್ಲಿ ಇಡದಿರುವುದು. ಹೊಲ ಪಾಲಿಗೆ ಕೊಟ್ಟಿದ್ದರೆ ಪಾಲುದಾರನೇ ಇಟ್ಟುಕೊಳ್ಳಲಿ.

ಗುಳಿಗೆಗಳಿಗೂ ಇದೇ ನಿಯಮ. ದೂರದಿಂದ ಬರುವವರಿಗೆ ಬಸ್ ಖರ್ಚು ಉಳಿಯಲೆಂದು ಎರಡು ತಿಂಗಳ ಗುಳಿಗೆ ಒಮ್ಮೆಲೇ ಕೊಡುವುದುಂಟು. ಅಪಾಯ ಕಂಡ ದಿನಗಳಲ್ಲಿ 7ರಿಂದ 15 ದಿನದ್ದೇ ಸಾಕು, ಅದೂ ಮನೆಯ ಒಬ್ಬರ ಬಳಿ. ಅಜ್ಜಿಯ ಬಿಪಿ ಗುಳಿಗೆ, ಸಕ್ಕರೆ ಗುಳಿಗೆ, ಬದಲಿಸಿದ ಮೇಲೆ ಉಳಿದುಹೋದ ಹಳೆಯ ಸ್ಟ್ರಿಪ್‌ಗಳು ಒಂದೇ ಕ್ಯಾರಿಬ್ಯಾಗಿನಲ್ಲಿ ಗೂಟಕ್ಕೆ ನೇತಾಡುತ್ತಿರುತ್ತವಲ್ಲ, ಅದನ್ನು ಮೊದಲು ಇಳಿಸಬೇಕು.

ಡಿಸ್ಚಾರ್ಜ್ ಆದ ಮೇಲಿನ ವಾರಗಳು

ಭರ್ತಿಯಾಗಿ ಮನೆಗೆ ಹೋದ ಮೊದಲ ವಾರಗಳು ಅಪಾಯದವು. ದವಾಖಾನೆಯಲ್ಲಿ ರಾತ್ರಿ ಹಗಲು ಯಾರೋ ಇದ್ದರು. ಮನೆಯಲ್ಲಿ ಸಾಲ, ಮಂದಿಯ ಮಾತು, ಬಿಟ್ಟುಹೋದ ಕೆಲಸ ಎಲ್ಲ ಹಾಗೇ ಕಾದಿವೆ. ವಿಶ್ವ ಆರೋಗ್ಯ ಸಂಸ್ಥೆ ಚೆನ್ನೈ ಸೇರಿ ಐದು ದೇಶಗಳ ಐದು ಊರುಗಳಲ್ಲಿ ನಡೆಸಿ 2008ರಲ್ಲಿ ಪ್ರಕಟಿಸಿದ ಪ್ರಯೋಗ ಇಲ್ಲಿ ನೆನಪಿಗೆ ಬರಬೇಕು. ಆತ್ಮಹತ್ಯೆಗೆ ಯತ್ನಿಸಿ ದವಾಖಾನೆಗೆ ಬಂದ 1,867 ಮಂದಿಯಲ್ಲಿ ಒಂದು ಗುಂಪಿಗೆ ಮಾಮೂಲು ಚಿಕಿತ್ಸೆ. ಇನ್ನೊಂದು ಗುಂಪಿಗೆ ಜೊತೆಗೆ ಒಂದು ತಾಸಿನ ಮಾತುಕತೆ, ಆಮೇಲೆ 18 ತಿಂಗಳಲ್ಲಿ ಒಂಬತ್ತು ಸಲ ಫೋನ್ ಅಥವಾ ಮನೆಭೇಟಿ: 1, 2, 4, 7, 11ನೆಯ ವಾರ, ಆಮೇಲೆ 4, 6, 12, 18ನೆಯ ತಿಂಗಳು. ಮೊದಲ ಗುಂಪಿನಲ್ಲಿ ನೂರಕ್ಕೆ 2.2 ಮಂದಿ ಆತ್ಮಹತ್ಯೆಯಿಂದ ತೀರಿಕೊಂಡರು, ಎರಡನೆಯದರಲ್ಲಿ 0.2. ಇವರೆಲ್ಲ ಸೈಕೋಸಿಸ್ ಇದ್ದವರಲ್ಲ, ಅದನ್ನು ಮರೆಯಬಾರದು. ಆದರೆ ಆ ವೇಳಾಪಟ್ಟಿಯನ್ನು ನೋಡಿ. ಐದು ಭೇಟಿ ಮೊದಲ ಮೂರು ತಿಂಗಳೊಳಗೇ. ನಮ್ಮ “ತಿಂಗಳ ಬಿಟ್ಟು ಬರ್ರಿ” ಎಂಬ ಪದ್ಧತಿ ಇದಕ್ಕೆ ತದ್ವಿರುದ್ಧ.

ಮಾಡಲಾಗದ್ದೇನಲ್ಲ. ದೇಶಕ್ಕೆಲ್ಲ ಮಾದರಿಯಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಮೊಳೆತದ್ದೇ ನಮ್ಮ ಭಾಗದ ಬಳ್ಳಾರಿಯಲ್ಲಿ, 1980ರ ದಶಕದಲ್ಲಿ ನಿಮ್ಹಾನ್ಸ್ ನಡೆಸಿದ ಪ್ರಯೋಗದಿಂದ. ಈಗ ಮನೋಚೈತನ್ಯ ಯೋಜನೆಯಲ್ಲಿ ಮಂಗಳವಾರ ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ಏರ್ಪಾಡಿದೆ. ಶಹಾಪುರದವರು ಎಲ್ಲದಕ್ಕೂ ಕಲಬುರಗಿಗೆ, ಔರಾದಿನವರು ಬೀದರಿಗೆ ಹತ್ತಬೇಕಿಲ್ಲ. ಫೋನ್ ಮಾಡಲು ವೈದ್ಯರೇ ಬೇಕಿಲ್ಲ, ಆಶಾ ಕಾರ್ಯಕರ್ತೆ, ಸಮಾಜ ಕಾರ್ಯಕರ್ತರು ಸಾಕು. ಕೇಳುವುದು ಮೂರು ಸಂಗತಿ: ನಿದ್ದೆ ಹೇಗಿದೆ, ಗುಳಿಗೆ ನಡೆದಿದೆಯೇ, ಸಾಯುವ ವಿಚಾರ ಮತ್ತೆ ಬಂದಿದೆಯೇ. ನಿಜವಾದ ತೊಡಕು ಬೇರೆ. ಸುಗ್ಗಿ ಮುಗಿದ ಮೇಲೆ ಅಪ್ಪ ಅವ್ವ ಬೆಂಗಳೂರಿಗೋ ಪುಣೆಗೋ ದುಡಿಯಲು ಹೋಗುತ್ತಾರೆ, ಹುಡುಗ ಅಜ್ಜಿಯ ಜೊತೆ ಉಳಿಯುತ್ತಾನೆ, ರಿಚಾರ್ಜ್ ಮುಗಿದು ಫೋನ್ ಸತ್ತಿರುತ್ತದೆ. ಆದ್ದರಿಂದ ಫೈಲಿನಲ್ಲಿ ಮೂರು ನಂಬರ್ ಇರಬೇಕು, ಅದರಲ್ಲಿ ಒಂದು ಊರಿನ ಕಿರಾಣಿ ಅಂಗಡಿಯದೋ ಪಕ್ಕದ ಮನೆಯದೋ ಆಗಿರಬೇಕು.

ಗುಳಿಗೆ ಗರಮ್ ಆಗ್ತಾವ

ಮೇ ತಿಂಗಳಲ್ಲಿ ಕಲಬುರಗಿಯ ಬಿಸಿಲು 42, 43 ಡಿಗ್ರಿ ಮುಟ್ಟಿದಾಗ “ಗುಳಿಗಿ ಗರಮ್ ಆಗ್ತಾವ” ಎಂದು ಬಿಡುವವರು ಬಹಳ. ಆರಾಮ ಆಯಿತಲ್ಲ ಎಂದು ಬಿಡುವವರು ಇನ್ನೂ ಹೆಚ್ಚು. ಇನ್ನು ಕೆಲವರು ಮದುವೆ ಗೊತ್ತಾಯಿತೆಂದು, ಬೀಗರಿಗೆ ತಿಳಿಯದಿರಲೆಂದು ಬಿಡುತ್ತಾರೆ. ಮೊದಲ ಸಲದ ಸೈಕೋಸಿಸ್ ಇಳಿದ ಮೇಲೂ ಕನಿಷ್ಠ ಒಂದೆರಡು ವರ್ಷ ಗುಳಿಗೆ ಬೇಕಾಗುತ್ತದೆ. ನಡುವೆ ಒಮ್ಮೆಲೇ ಬಿಟ್ಟರೆ ಅನೇಕರಲ್ಲಿ ಕಾಯಿಲೆ ಮರುಕಳಿಸುತ್ತದೆ, ಪ್ರತಿ ಮರುಕಳಿಕೆಯೂ “ಇದು ಎಂದೂ ಹೋಗುವುದಿಲ್ಲ” ಎಂಬ ಹತಾಶೆಗೆ ಇನ್ನೊಂದು ಕಲ್ಲು. ಬಿಸಿಲಿಗೆ ಪರಿಹಾರ ಬಿಡುವುದಲ್ಲ. ನೀರು, ಮಜ್ಜಿಗೆ ಹೆಚ್ಚು ಕುಡಿಯಬೇಕು, ಮಧ್ಯಾಹ್ನ ಹೊಲಕ್ಕೆ ಹೋಗಬಾರದು. ಕೆಲವು ಗುಳಿಗೆಗಳು ಬೆವರುವುದನ್ನು ತಗ್ಗಿಸುತ್ತವೆ ಎಂಬುದು ನಿಜವೇ, ಜನರ ಮಾತಿನಲ್ಲಿ ಹುರುಳಿಲ್ಲದಿಲ್ಲ.

ಎರಡು ಬೇರೆ ಬೇರೆ ಔಷಧಗಳನ್ನು ಸರಿಯಾದ ಪ್ರಮಾಣದಲ್ಲಿ, ತಲಾ ಸುಮಾರು 6 ವಾರ ಕೊಟ್ಟರೂ ಆಗದಿದ್ದರೆ ಕ್ಲೋಜಪಿನ್ ಇದೆ. ಸ್ಕಿಜೋಫ್ರೇನಿಯಾದಲ್ಲಿ ಆತ್ಮಹತ್ಯೆಯ ಯತ್ನಗಳನ್ನು ತಗ್ಗಿಸುತ್ತದೆ ಎಂದು ಗಟ್ಟಿ ಆಧಾರ ಇರುವ ಔಷಧ ಅದೇ. 2003ರಲ್ಲಿ ಪ್ರಕಟವಾದ, 980 ಮಂದಿಯನ್ನು ಎರಡು ವರ್ಷ ಹಿಂಬಾಲಿಸಿದ ಪ್ರಯೋಗದಲ್ಲಿ ಅದು ಒಲಾಂಜಪಿನ್‌ಗಿಂತ ಮೇಲಾಗಿತ್ತು. ತೊಡಕು ರಕ್ತಪರೀಕ್ಷೆಯದು. ಬಿಳಿ ರಕ್ತಕಣ ಕುಸಿಯುವ ಅಪಾಯ ಇರುವುದರಿಂದ ಮೊದಲ 18 ವಾರ ವಾರಕ್ಕೊಮ್ಮೆ, ಆಮೇಲೆ ಹೆಚ್ಚು ಅಂತರ ಬಿಟ್ಟು. ಸುರಪುರದ ಹಳ್ಳಿಯ ಕೂಲಿಯವನಿಗೆ ವಾರಕ್ಕೊಮ್ಮೆ ಎಂದರೆ 18 ದಿನದ ಪಗಾರ ಹೋಯಿತು. ತಾಲೂಕು ಆಸ್ಪತ್ರೆಯಲ್ಲೇ ರಕ್ತ ಕೊಟ್ಟು ವರದಿಯನ್ನು ಫೋನಿನಲ್ಲಿ ಕಳಿಸುವ ಏರ್ಪಾಡಾದರೆ ಅರ್ಧ ತೊಡಕು ತೀರುತ್ತದೆ. ವೈದ್ಯರು ಕ್ಲೋಜಪಿನ್ ಬರೆಯಲು ಹಿಂಜರಿಯುವುದರ ಹಿಂದೆ ಅನೇಕ ಸಲ ಔಷಧದ ಭಯಕ್ಕಿಂತ ಈ ಬಸ್ಸಿನ ಲೆಕ್ಕವೇ ಇರುತ್ತದೆ.

ಹರಕೆಯೂ ಇರಲಿ

ಗಾಳಿ ಎನ್ನುತ್ತಾರೆ, ಭಾನಾಮತಿ ಎನ್ನುತ್ತಾರೆ. ಗಾಣಗಾಪುರಕ್ಕೆ, ದರ್ಗಾಕ್ಕೆ, ಊರ ಪೂಜಾರಿಗೆ ತೋರಿಸಿ ತಿಂಗಳುಗಳು ಕಳೆದ ಮೇಲೆ ದವಾಖಾನೆಗೆ ಬರುತ್ತಾರೆ. ಇದನ್ನು ಮೂಢನಂಬಿಕೆ ಎಂದು ಬೈದರೆ ಅವರು ಮತ್ತೆ ಬರುವುದಿಲ್ಲ. ಹರಕೆಯೂ ಇರಲಿ, ಗುಳಿಗೆಯೂ ಇರಲಿ. ಕಟ್ಟಿಹಾಕುವುದು, ಹೊಡೆಯುವುದು ಮಾತ್ರ ಬೇಡ. ಕಾಲ ಕಳೆದಷ್ಟೂ ಅಪಾಯ ಏರುತ್ತದೆ ಎಂಬುದನ್ನು ಹೇಳಲೇಬೇಕು. ನಾರ್ವೆಯಲ್ಲಿ ಒಂದು ಪ್ರದೇಶದ ಶಾಲೆ, ಪತ್ರಿಕೆ, ರೇಡಿಯೋಗಳಲ್ಲಿ ಸೈಕೋಸಿಸ್‌ನ ಮೊದಲ ಲಕ್ಷಣಗಳ ಬಗ್ಗೆ ಪ್ರಚಾರ ಮಾಡಿ ಬೇಗ ಬರುವಂತೆ ಮಾಡಿದರು. ಅಲ್ಲಿ ಮೊದಲ ಭೇಟಿಯ ಹೊತ್ತಿಗೆ ಸಾಯುವ ತೀವ್ರ ವಿಚಾರ ಇದ್ದವರು ಬೇರೆಡೆಗಿಂತ ಕಡಿಮೆ ಇದ್ದರು. ನಮ್ಮಲ್ಲಿ ಜಾತ್ರೆಗಳಿಗಿಂತ ದೊಡ್ಡ ಪ್ರಚಾರದ ಜಾಗ ಯಾವುದಿದೆ?

ತಡವಾಗಲು ಇನ್ನೊಂದು ಕಾರಣ ಪೊಲೀಸರ ಭಯ. ಯತ್ನ ಆಗಿದೆ ಎಂದು ಹೇಳಿದರೆ ಕೇಸಾಗುತ್ತದೆ ಎಂದು ಮುಚ್ಚಿಡುತ್ತಾರೆ, ಏನು ಸೇವಿಸಿದ ಎಂಬುದನ್ನೂ ವೈದ್ಯರಿಗೆ ಸುಳ್ಳು ಹೇಳುತ್ತಾರೆ. ದವಾಖಾನೆ ಎಂಎಲ್‌ಸಿ (ಕಾನೂನಿಗೆ ಸಂಬಂಧಿಸಿದ ವೈದ್ಯಕೀಯ ಪ್ರಕರಣ ಎಂದು) ಬರೆಯುತ್ತದೆ, ಅದು ದಾಖಲೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೆಯ ಕಲಂ ಪ್ರಕಾರ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಶಿಕ್ಷೆಯಲ್ಲ, ಆರೈಕೆ ಕೊಡುವುದು ಸರ್ಕಾರದ ಹೊಣೆ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ, ಯತ್ನವನ್ನು ಅಪರಾಧ ಎನ್ನುತ್ತಿದ್ದ ಹಳೆಯ ದಂಡ ಸಂಹಿತೆಯ 309ನೆಯ ಕಲಂ ಇಲ್ಲ. ಸತ್ಯ ಹೇಳಿದರೆ ಚಿಕಿತ್ಸೆ ಸರಿಯಾಗುತ್ತದೆ, ಅಷ್ಟೆ.

ಜೇಬಿನಲ್ಲಿರುವ ಚೀಟಿ

ಅಪಾಯ ಕಂಡವರ ಜೊತೆ ಕುಳಿತು ಒಂದು ಹಾಳೆ ಬರೆಯುವ ಕ್ರಮವಿದೆ. ಆಣೆಗೂ ಇದಕ್ಕೂ ವ್ಯತ್ಯಾಸ ಎಂದರೆ, ಆಣೆ ಏನು ಮಾಡಬಾರದು ಎಂದು ಹೇಳುತ್ತದೆ, ಇದು ಏನು ಮಾಡಬೇಕು ಎಂದು ಹೇಳುತ್ತದೆ. ಬರೆಯುವವರು ವೈದ್ಯರಲ್ಲ, ಅವನೇ, ಅವನ ಮಾತಿನಲ್ಲೇ. ಸಂಕಟ ಏರುವ ಮುನ್ಸೂಚನೆ ಏನು: “ರಾತ್ರಿ ನಿದ್ದಿ ಬರಲ್ಲ, ಯಾರ ಮಾತೂ ಬ್ಯಾಡ ಅನಸ್ತದ.” ಆಗ ಒಬ್ಬನೇ ಏನು ಮಾಡಬಹುದು. ಎಲ್ಲಿ ಹೋದರೆ ಮನಸ್ಸು ಬೇರೆ ಕಡೆ ಹೊರಳುತ್ತದೆ. ಯಾರಿಗೆ ಹೇಳಿಕೊಳ್ಳಬಹುದು, ಅವರ ನಂಬರ್. ದವಾಖಾನೆಯ ನಂಬರ್, ಜೊತೆಗೆ ಟೆಲಿ ಮಾನಸ್ 14416. ಅದು ಉಚಿತ, ದಿನದ 24 ತಾಸೂ ಸಿಗುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ಕೊನೆಗೆ, ಮನೆಯಿಂದ ಏನು ಹೊರಹಾಕಬೇಕು, ಅದನ್ನು ಯಾರು ಮಾಡುತ್ತಾರೆ. ಒಂದು ಪ್ರತಿ ಅವನ ಜೇಬಿಗೆ, ಒಂದು ಮನೆಯವರಿಗೆ. ಆಗಲೇ ಏನಾದರೂ ಮಾಡಿಕೊಂಡಿದ್ದರೆ ಚೀಟಿ ನೋಡುತ್ತ ಕೂರುವಂತಿಲ್ಲ, 108ಕ್ಕೆ ಫೋನ್ ಮಾಡಬೇಕು, ಅಂಬುಲೆನ್ಸ್ ಬರುವವರೆಗೆ ಪಕ್ಕ ಬಿಟ್ಟು ಏಳಬಾರದು.

ಹಾಳೆ ಬರೆಸುವಾಗ ಹೆಚ್ಚು ಹೊತ್ತು ಹಿಡಿಯುವುದು “ಎಲ್ಲಿ ಹೋದರೆ” ಎಂಬ ಸಾಲು. ಮನೆಯವರು ಗುಡಿಯ ಹೆಸರು ಹೇಳುತ್ತಾರೆ, ಅಕ್ಕನ ಊರಿನ ಹೆಸರು ಹೇಳುತ್ತಾರೆ. ಎಳ್ಳಮಾಸಿಯ ಆ ಹುಡುಗ ಎಲ್ಲವನ್ನೂ ಬೇಡವೆಂದು, ಕೊನೆಗೆ ಬಸ್ ಸ್ಟ್ಯಾಂಡ್ ಎದುರಿನ ಚಾದ ಅಂಗಡಿ ಎಂದು ಬರೆಯುತ್ತಾನೆ. ಯಾಕೆ ಎಂದರೆ, “ಅಲ್ಲಿ ಯಾರೂ ಏನ್ ಮಾಡ್ಲತ್ತಿ ಅಂತ ಕೇಳಲ್ಲ.” ಮುಂದಿನ ಸಾಲಿನಲ್ಲಿ, ಯಾರಿಗೆ ಹೇಳಿಕೊಳ್ಳಬಹುದು ಎಂಬಲ್ಲಿ, ಅಣ್ಣನ ಹೆಸರು ಬರೆದು, ಹೊಡೆದುಹಾಕಿ, ಮತ್ತೆ ಬರೆಯುತ್ತಾನೆ.